ಅಣ್ಣನ ಡಿಸೆಬಿಲಿಟಿ ಪೆನ್ಶನ್ ತಿರಸ್ಕಾರ ಆಗಿದೆ. ಮೂರು ವರ್ಷ ಕಳೆದ ಮೇಲೂ ಅಪೀಲು ಹಾಕಬಹುದಾ?

ಅಘನಾಶಿನಿ ತಂಗಿ, ಕುಮಟಾ

ನಮಸ್ಕಾರ. ಮಿಲಿಟರಿ ಮನೆಯವರು ಇಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಅಣ್ಣ 2005ರಲ್ಲಿ ಸೈನ್ಯ ಸೇರಿದ. 17 ವರ್ಷ ಸೇವೆ ಮುಗಿಸಿ 2022ರ ಕೊನೆಯಲ್ಲಿ ಮನೆಗೆ ಬಂದ. ನಡುವೆ ಎರಡು ಸಲ ಕಾಶ್ಮೀರ. ಎರಡನೇ ಸಲ ಹೋದಾಗ, ಬೆಳಿಗ್ಗೆ ರಸ್ತೆ ತಪಾಸಣೆಗೆ ಹೊರಟ ಗುಂಪಿನಲ್ಲಿ ಇವನೂ ಇದ್ದ. ಹೂತಿಟ್ಟ ಬಾಂಬ್ ಸಿಡಿಯಿತು. ಮುಂದೆ ನಡೆಯುತ್ತಿದ್ದ ಗೆಳೆಯ ಅಲ್ಲೇ ತೀರಿಹೋದ. ಅಣ್ಣನ ಮೈಮೇಲೆ ಒಂದು ಗೀರೂ ಇಲ್ಲ. ದೇವರು ದೊಡ್ಡವನು ಅಂತ ಆಯಿ ಊರ ದೇವಸ್ಥಾನದಲ್ಲಿ ಪೂಜೆ ಮಾಡಿಸಿದಳು.

ಅದಾದ ಮೇಲೆ ಅವನಿಗೆ ಪೀಸ್ ಸ್ಟೇಷನ್‌ಗೆ, ಅಂದರೆ ಗುಂಡು ಕಾಳಗ ಇಲ್ಲದ ಜಾಗಕ್ಕೆ, ಪೋಸ್ಟಿಂಗ್ ಬಂತು. ನಿದ್ದೆ ಕೆಟ್ಟದ್ದು ಅಲ್ಲಿ. ಊಟ ಬಿಟ್ಟ, ಫೋನ್ ಮಾಡುವುದು ಬಿಟ್ಟ. ಮಿಲಿಟರಿ ಆಸ್ಪತ್ರೆಯಲ್ಲಿ ಎರಡು ತಿಂಗಳು ಇಟ್ಟುಕೊಂಡರು. ಪೂರ್ತಿ ಡ್ಯೂಟಿಗೆ ಆರೋಗ್ಯ ಸಾಲದು ಅಂತ ಮೆಡಿಕಲ್ ಕೆಟಗರಿ ಇಳಿಸಿದರು. ಬಿಡುಗಡೆಗೆ ಮೊದಲು ಕೂತ ಮೆಡಿಕಲ್ ಬೋರ್ಡ್ 'ಡಿಪ್ರೆಸಿವ್ ಎಪಿಸೋಡ್, ಶೇ 40, ಜೀವನ ಪೂರ್ತಿ' ಅಂತ ಬರೆದಿದೆ. ಪಕ್ಕದಲ್ಲೇ, ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿ ಆದದ್ದೂ ಅಲ್ಲ ಅಂತಲೂ ಇದೆ. ಹಾಗಾಗಿ ಸರ್ವಿಸ್ ಪೆನ್ಶನ್ ಬರುತ್ತದೆ, ಡಿಸೆಬಿಲಿಟಿಯದ್ದು ಇಲ್ಲ.

ಈ ಕಾಗದ ಬಂದಿದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಈ ಸಲ ಮಳೆ ಬಿಟ್ಟ ಮೇಲೆ ಅವನ ಕಪ್ಪು ಟ್ರಂಕು ಬಿಸಿಲಿಗೆ ಇಟ್ಟೆವು. ಯೂನಿಫಾರ್ಮ್ ಮಡಿಕೆಯ ಅಡಿಯಲ್ಲಿ ಸಿಕ್ಕಿತು. ಆರು ತಿಂಗಳ ಒಳಗೆ ಅಪೀಲು ಮಾಡಬೇಕು ಅಂತ ಕೊನೆಯ ಸಾಲಿನಲ್ಲಿದೆ. ಈಗ ಮೂರು ವರ್ಷ ಆಗುತ್ತಾ ಬಂತು.

ಮನೆ ಹಿಂದೆ ತಗಡಿನ ಮಾಡು ಇದೆ. ರಾತ್ರಿ ಅದರ ಮೇಲೆ ತೆಂಗಿನಕಾಯಿ ಬಿದ್ದರೆ ಅಣ್ಣ ಮಂಚದಿಂದ ಉರುಳಿ ನೆಲಕ್ಕೆ ಮೈ ಒತ್ತಿ ಮಲಗುತ್ತಾನೆ. ಎರಡೂ ಕೈ ತಲೆ ಮೇಲೆ. ಎದ್ದ ಮೇಲೆ ಮಾತಿಲ್ಲ, ಸುಮ್ನೆ ಅಂಗಳಕ್ಕೆ ಹೋಗಿ ಬೆಳಗಿನ ತನಕ ನಿಂತಿರುತ್ತಾನೆ. ದೀಪಾವಳಿ ಬಂತು ಅಂದರೆ ನಮಗೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಇದು ಸೇವೆಯಿಂದ ಬಂದದ್ದಲ್ಲ ಅಂತ ಹೇಗೆ ಬರೆದರು? ಇನ್ನು ಏನಾದರೂ ಮಾಡಲು ಸಾಧ್ಯವಾ? ತಿಳಿದವರು ದಯವಿಟ್ಟು ಹೇಳಿ.


ಶಿರಸಿ ಸುಬೇದಾರ

ತಂಗೀ, ಸಾಧ್ಯ ಇದೆ. ಮೊದಲು ಅದನ್ನು ಮನಸ್ಸಿಗೆ ತಂದುಕೋ.

ನಾನು ಸೈನ್ಯದಲ್ಲಿ ಕ್ಲರ್ಕ್ ಕೆಲಸ ಮಾಡಿ ಸುಬೇದಾರ್ ಆಗಿ ನಿವೃತ್ತಿ ಆದವನು. ಇಂಥ ಕಾಗದ ಎಷ್ಟೋ ನೋಡಿದ್ದೇನೆ, ಕೆಲವನ್ನು ನಾನೇ ಟೈಪ್ ಮಾಡಿದ್ದೇನೆ. ಆಫೀಸಿನಲ್ಲಿ ಇದಕ್ಕೆ 'ನಾನಾ ಕೇಸ್' ಅಂತಾರೆ. ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಅನ್ನುವುದರ ಇಂಗ್ಲಿಷ್ ಮೊದಲಕ್ಷರಗಳು. ಮನಸ್ಸಿನ ಕಾಯಿಲೆಯ ಕೇಸುಗಳಲ್ಲಿ ಈ ಮಾತು ಬಹಳ ಕಾಣಿಸುತ್ತದೆ.

ಪೆನ್ಶನ್ ನಿಯಮ ಕೇಳುವುದು ಎರಡೇ. ಕಾಯಿಲೆ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಹೆಚ್ಚಾಗಿರಬೇಕು. ಪ್ರಮಾಣ ಶೇ 20 ಅಥವಾ ಮೇಲೆ ಇರಬೇಕು. ನಿಮ್ಮ ಅಣ್ಣನಿಗೆ ಶೇ 40 ಅಂತ ಅವರೇ ಒಪ್ಪಿದ್ದಾರೆ. ಹಾಗಾಗಿ ಜಗಳ ಮೊದಲನೆಯದರ ಮೇಲೆ ಮಾತ್ರ. 'ಬಂದದ್ದು' ಅಂತ ಆಗದಿದ್ದರೂ 'ಹೆಚ್ಚಾದದ್ದು' ಅಂತ ಆದರೆ ಸಾಕು. ಅಪೀಲಿನಲ್ಲಿ ಎರಡನ್ನೂ ಕೇಳಬೇಕು. ಒಂದನ್ನೇ ಹಿಡಿದು ಸೋತವರಿದ್ದಾರೆ.

ಈಗಲೇ ಅಪೀಲು ಬರೆಯಲು ಕೂರಬೇಡ. ಮೊದಲು ಫೈಲು ತರಿಸು. ನಿನ್ನ ಕೈಯಲ್ಲಿರುವುದು ತಿರಸ್ಕಾರದ ಪತ್ರ ಮಾತ್ರ. ಅದರ ಬುಡ ಇರುವುದು ಮೆಡಿಕಲ್ ಬೋರ್ಡ್ ಕಾಗದದಲ್ಲಿ. ಅಣ್ಣನ ಸೇವೆಯ ಕಾಗದ ಎಲ್ಲ ಇರುವ ಸೈನ್ಯದ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿಸು. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಅವನ ಸ್ವಂತ ದಾಖಲೆ, ಸಹಿ ಅವನದೇ ಇರಲಿ, ಗುರುತಿನ ಚೀಟಿ ಪ್ರತಿ ಜೊತೆಗಿಡು.

ಏನು ಕೇಳಬೇಕು ಅಂದರೆ, ಬಿಡುಗಡೆ ಹೊತ್ತಿನ ಬೋರ್ಡ್ ಕಾಗದ, ಅದು ಎ.ಎಫ್.ಎಂ.ಎಸ್.ಎಫ್, ಅಂದರೆ ಸೈನ್ಯದ ವೈದ್ಯಕೀಯ ಸೇವೆಯ, 16ನೇ ಫಾರಂ. ಅದಕ್ಕೂ ಮುಂಚೆ ಕೆಟಗರಿ ಇಳಿಸಿದಾಗಿನ ಬೋರ್ಡ್‌ಗಳು. ಮನೋವೈದ್ಯರ ಎಲ್ಲ ಅಭಿಪ್ರಾಯಗಳು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ. ಸೇರುವಾಗಿನ ಮೆಡಿಕಲ್ ಪರೀಕ್ಷೆ. ಪೋಸ್ಟಿಂಗ್ ಪಟ್ಟಿ, ಯಾವುದು ಫೀಲ್ಡ್ ಯಾವುದು ಪೀಸ್ ಅನ್ನುವುದರ ಸಮೇತ. ಇನ್ನೊಂದನ್ನು ಮರೆಯಲೇಬೇಡ. ಮನಸ್ಸಿನ ಕಾಯಿಲೆ ಅಂತ ಆಸ್ಪತ್ರೆಗೆ ಕಳಿಸಿದ ಜವಾನನ ಬಗ್ಗೆ ಅವನ ಕಮಾಂಡಿಂಗ್ ಆಫೀಸರ್ ಒಂದು ವರದಿ ಬರೆಯುತ್ತಾರೆ. ಎ.ಎಫ್.ಎಂ.ಎಸ್.ಎಫ್ 10ನೇ ಫಾರಂ. ಜವಾನ ಮುಂಚೆ ಹೇಗಿದ್ದ, ಯಾವಾಗಿನಿಂದ ಬದಲಾದ ಅಂತ ಡಾಕ್ಟರ್ ಅಲ್ಲದೆ ಅವನ ಜೊತೆ ಬದುಕಿದವರು ಹೇಳಿದ ಮಾತು ಅದು. ಅದರಲ್ಲಿ ಒಂದು ಒಳ್ಳೆ ಸಾಲು ಸಿಕ್ಕರೆ ಅರ್ಧ ಕೇಸು ಅಲ್ಲೇ ನಿಲ್ಲುತ್ತದೆ.

ಆರು ತಿಂಗಳು ಮೀರಿದ ಬಗ್ಗೆ ವಕೀಲರು ಯಾರಾದರೂ ಬರೆದರೆ ಚೆನ್ನ.


ಅಘನಾಶಿನಿ ತಂಗಿ, ಕುಮಟಾ

ಸುಬೇದಾರ್ ಸಾಹೇಬರೇ, ನಿಮ್ಮ ಮಾತು ಓದಿ ಸ್ವಲ್ಪ ಜೀವ ಬಂತು. ಆದರೆ ಅಣ್ಣ ಸಹಿ ಹಾಕುವುದಿಲ್ಲ ಅನ್ನುತ್ತಾನೆ. ನಿನ್ನೆ ರಾತ್ರಿ ಅರ್ಜಿ ಬರೆದು ಮುಂದಿಟ್ಟೆ. "ನಾನು ಹುಚ್ಚ ಅಂತ ನಾನೇ ಬರೆದು ಕೊಡಬೇಕಾ?" ಅಂದ. ಪೆನ್ ಕೆಳಗಿಟ್ಟು ಎದ್ದು ಹೋದ. ಆಯಿ ಅಳುತ್ತಾಳೆ. ನನಗೆ ಮುಂದೆ ಹೇಗೆ ಮಾತಾಡಬೇಕು ತಿಳಿಯುವುದಿಲ್ಲ.


ಅಂಕೋಲಾ ಅಕ್ಕ

ತಂಗೀ, ಇದನ್ನು ನಾನು ದಾಟಿ ಬಂದಿದ್ದೇನೆ. ನಮ್ಮನೆಯವರೂ ಸೈನ್ಯದಲ್ಲಿದ್ದವರು. ಬರೀ ಹಿಮ ಇರುವ ಜಾಗದಲ್ಲಿದ್ದರು. ಅಲ್ಲಿ ಹಿಮ ಕುಸಿದು ಇಬ್ಬರು ಜೊತೆಗಾರರು ಒಳಗೆ ಹೋದರು. ಇವರೇ ಸನಿಕೆ ಹಿಡಿದು ಅಗೆದದ್ದು.

ಬಂದ ಮೇಲೆ ವರ್ಷಗಟ್ಟಲೆ ಒಂದು ಮಾತೂ ಆಡಲಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆ ವಾರ ನಮ್ಮ ಮನೆಯಲ್ಲಿ ಟಿವಿ ಹಗಲೂ ರಾತ್ರಿ ಇತ್ತು. ಮಣ್ಣು ತೆಗೆಯುವುದನ್ನು ತೋರಿಸುತ್ತಿದ್ದರು. ಇವರು ಟಿವಿ ಮುಂದೆ ನೆಲದ ಮೇಲೆ ಕೂತು ಬೆರಳಿನಿಂದ ನೆಲ ಕೆರೆಯುತ್ತಿದ್ದರು. ಉಗುರಿನ ಸಂದಿಯಲ್ಲಿ ರಕ್ತ. ನಾನು ಕೈ ಹಿಡಿದಾಗ "ಇನ್ನೂ ಇಬ್ಬರು ಇದ್ದಾರೆ" ಅಂದರು. ಅವತ್ತೇ ನನಗೆ ಪೂರ್ತಿ ಅರ್ಥ ಆದದ್ದು.

ಸಹಿ ವಿಷಯ. ಒತ್ತಾಯ ಮಾಡಬೇಡ. "ನಿನಗೆ ಕಾಯಿಲೆ ಇದೆ" ಅಂತ ಶುರು ಮಾಡಬೇಡ. ನಾನು ನಮ್ಮವರಿಗೆ ಒಂದೇ ಮಾತು ಹೇಳಿದೆ. ಕಾಲಿಗೆ ಗುಂಡು ಬಿದ್ದಿದ್ದರೆ ಕುಂಟುತ್ತೇನೆ ಅಂತ ಬರೆದು ಕೊಡಲು ನಾಚಿಕೆ ಪಡುತ್ತಿದ್ದಿರಾ ಅಂತ. ಅವರು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ತಾವೇ ಪೆನ್ ಕೇಳಿದರು. ಇನ್ನೊಂದು, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕಾಯಿಲೆಯ ಹೆಸರು ಬರೆಯುವ ಅಗತ್ಯವೇ ಇಲ್ಲ. "ನನ್ನ ಸೇವಾ ಮತ್ತು ವೈದ್ಯಕೀಯ ದಾಖಲೆಗಳ ಪ್ರತಿ ಕೊಡಿ" ಅಂದರೆ ಆಯಿತು. ಮೊದಲು ಅಷ್ಟಕ್ಕೇ ಸಹಿ ಕೇಳು.

ನೀನು ಮಾಡಬೇಕಾದ ಕೆಲಸವೂ ಒಂದಿದೆ. ಬರೆದಿಡು. ನಾನು ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಬರೆಯುತ್ತಿದ್ದೆ. "ರಾತ್ರಿ 2ಕ್ಕೆ ಎದ್ದರು." "ಮದುವೆ ಮನೆಯಿಂದ ಅರ್ಧಕ್ಕೆ ಬಂದರು." "ಮಗನ ಮೇಲೆ ಕೈ ಎತ್ತಿದರು, ಆಮೇಲೆ ಅತ್ತರು." "ಮಾತ್ರೆ ಬಿಟ್ಟು ಮೂರು ದಿನ." ಹನ್ನೊಂದು ತಿಂಗಳ ಹಾಳೆ ಹಾಗೇ ಇಟ್ಟಿದ್ದೆ. ಡಾಕ್ಟರ್ ಮುಂದೆ ನಮ್ಮವರು "ಆರಾಮಿದ್ದೇನೆ ಸರ್" ಅಂತ ಎದೆ ಸೆಟೆದು ಹೇಳುತ್ತಾರೆ. ಆ ಹಾಳೆ ತೋರಿಸಿದ ಮೇಲೆಯೇ ಡಾಕ್ಟರ್ ಪೆನ್ ತೆಗೆದದ್ದು.

ನಮಗೆ ಮೊದಲ ಅಪೀಲಿಗೆ ಬಂದ ಉತ್ತರ ಎರಡೇ ಸಾಲು, ಆಗುವುದಿಲ್ಲ ಅಂತ. ಎರಡನೆಯದಕ್ಕೂ ಅದೇ. ಕೊನೆಗೆ ಸೈನಿಕರ ಕೇಸು ಕೇಳುವ ಟ್ರಿಬ್ಯುನಲ್‌ನಲ್ಲಿ ಆಯಿತು. ಎರಡು ಸಲ ಇಲ್ಲ ಅಂದರು ಅಂತ ಕೈ ಬಿಟ್ಟಿದ್ದರೆ ಏನೂ ಇರುತ್ತಿರಲಿಲ್ಲ.


ಮುರ್ಡೇಶ್ವರ ಮಾಮ

ತಪ್ಪು ತಿಳಿಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ. ಸರ್ವಿಸ್ ಪೆನ್ಶನ್ ಬರುತ್ತಿದೆ ಅಲ್ವಾ? ಇನ್ನೂ ಸ್ವಲ್ಪ ದುಡ್ಡಿಗಾಗಿ ಮನೆ ವಿಷಯ ಊರಿಗೆಲ್ಲ ತಿಳಿಯುವ ಹಾಗೆ ಮಾಡಬೇಕಾ? ನಾಳೆ ಆ ಹುಡುಗನ ಮಕ್ಕಳಿಗೆ ಸಂಬಂಧ ನೋಡುವಾಗ ಜನ ಏನಂತಾರೆ?


ಅಂಕೋಲಾ ಅಕ್ಕ

ಮಾಮ, ನೀವು ಕೇಳಿದ್ದನ್ನು ನಮ್ಮ ಮಾವನವರೂ ಕೇಳಿದ್ದರು. ದುಡ್ಡು ಬೇಕು, ಸುಳ್ಳು ಹೇಳುವುದಿಲ್ಲ. ನಮ್ಮವರಿಗೆ ಸೆಕ್ಯುರಿಟಿ ಕೆಲಸ ಸಿಕ್ಕಿತ್ತು, ರಾತ್ರಿ ಪಾಳಿ. ಮೂರು ವಾರ ನಿಲ್ಲಲು ಆಗಲಿಲ್ಲ. ಅವರ ವಯಸ್ಸಿನ ಬೇರೆ ಮಾಜಿ ಸೈನಿಕರು ಬ್ಯಾಂಕಿನಲ್ಲಿ, ಬಂದರಿನಲ್ಲಿ ಎರಡನೇ ಕೆಲಸ ಮಾಡುತ್ತಿದ್ದಾರೆ. ಆ ಎರಡನೇ ಸಂಬಳ ನಮ್ಮ ಮನೆಗೆ ಬರುವುದೇ ಇಲ್ಲ. ಈ ಪೆನ್ಶನ್ ಇರುವುದು ಅದಕ್ಕೇ.

ಆದರೆ ಆರ್ಡರ್ ಬಂದ ದಿನ ಅವರು ದುಡ್ಡಿನ ಅಂಕಿ ನೋಡಲಿಲ್ಲ. 'ಸೇವೆಯ ಕಾರಣದಿಂದ' ಅನ್ನುವ ಸಾಲನ್ನು ಮಗನ ಹತ್ತಿರ ಎರಡು ಸಲ ಓದಿಸಿದರು. ಅಲ್ಲಿಯ ತನಕ ತಾನೇ ಗಟ್ಟಿ ಇರಲಿಲ್ಲ, ತನ್ನದೇ ತಪ್ಪು ಅಂದುಕೊಂಡಿದ್ದರು. ಊರಿಗೆ ಏನೂ ತಿಳಿಯುವುದಿಲ್ಲ ಮಾಮ. ಕಾಗದ ಓಡಾಡುವುದು ರೆಕಾರ್ಡ್ ಆಫೀಸಿಗೂ ಮನೆಗೂ ನಡುವೆ.


ಮುರ್ಡೇಶ್ವರ ಮಾಮ

ನನಗೆ ಇಷ್ಟು ತಿಳಿದಿರಲಿಲ್ಲ ಮಗಾ. ಒಳ್ಳೆದಾಗಲಿ.


ಹೊನ್ನಾವರದ ವಕೀಲ

ತಡದ ಬಗ್ಗೆ ಕೇಳಿದ್ದೀರಿ. ಸಮಾಧಾನದಿಂದ ಓದಿ.

ಮೊದಲ ಅಪೀಲು ರೆಕಾರ್ಡ್ ಆಫೀಸ್ ಮೂಲಕ ಹೋಗುವುದು, ತಿರಸ್ಕಾರದಿಂದ ಆರು ತಿಂಗಳ ಒಳಗೆ. ಅದೂ ತಿರಸ್ಕಾರ ಆದರೆ ಎರಡನೇ ಅಪೀಲು, ಅದಕ್ಕೂ ಆರು ತಿಂಗಳು. ಆಮೇಲೆ ಸಶಸ್ತ್ರ ಪಡೆಗಳ ಟ್ರಿಬ್ಯುನಲ್. 2007ರ ಕಾಯ್ದೆಯಿಂದ ಬಂದದ್ದು, 2009ರಿಂದ ಕೆಲಸ ಮಾಡುತ್ತಿದೆ. ಕರ್ನಾಟಕದವರಿಗೆ ಕೊಚ್ಚಿ ಪೀಠ. ನಿಮಗೆ ಬೆಂಗಳೂರಿಗಿಂತ ಅದೇ ಅನುಕೂಲ, ಕೊಂಕಣ ರೈಲು ಹತ್ತಿದರೆ ಸೀದಾ ಎರ್ನಾಕುಲಂ. ಪ್ರತಿ ವಾಯಿದೆಗೂ ಅಣ್ಣ ಹೋಗಬೇಕಾಗಿಲ್ಲ.

ಅವಧಿ ಮೀರಿದ್ದರೂ ಮೊದಲ ಅಪೀಲು ಹಾಕಿ. ಯಾಕೆ ತಡ ಆಯಿತು ಅಂತ ಪ್ರತ್ಯೇಕ ಪುಟದಲ್ಲಿ ಬರೆಯಿರಿ. ಮನಸ್ಸಿನ ಕಾಯಿಲೆ ಇದ್ದವನು ಕಾಗದ ಬಚ್ಚಿಟ್ಟ, ಮನೆಯವರಿಗೆ ಈ ತಿಂಗಳು ಸಿಕ್ಕಿತು. ಇದು ನಿಜವಾದ ಕಾರಣ, ಅದನ್ನೇ ಬರೆಯಿರಿ. 'ಅವಧಿ ಮೀರಿದೆ' ಅಂತ ವಾಪಸ್ ಕಳಿಸಿದರೂ ನಷ್ಟವಿಲ್ಲ. ಆ ಉತ್ತರ ಇಟ್ಟುಕೊಂಡೇ ಟ್ರಿಬ್ಯುನಲ್‌ಗೆ ಹೋಗಬಹುದು. ಅಪೀಲು ಕೊಟ್ಟು ಆರು ತಿಂಗಳಾದರೂ ಉತ್ತರವೇ ಬರದಿದ್ದರೂ ಹೋಗಬಹುದು. ಟ್ರಿಬ್ಯುನಲ್‌ಗೆ ತಡ ಮನ್ನಿಸುವ ಅಧಿಕಾರ ಇದೆ. ಪೆನ್ಶನ್ ಅನ್ನುವುದು ತಿಂಗಳು ತಿಂಗಳೂ ಸಿಗಬೇಕಾದದ್ದು, ಹಾಗಾಗಿ ತಡ ಆಯಿತು ಅಂತ ಹಕ್ಕು ಸಾಯುವುದಿಲ್ಲ. ಆದರೆ ಹಿಂಬಾಕಿ ಸಾಯುತ್ತದೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಸು ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ ಬಾಕಿ ಮಾತ್ರ ಅಂತ ಮಿತಿ ಹಾಕಿದೆ. ನಿಮ್ಮ ಅಣ್ಣ ಬಿಡುಗಡೆ ಆಗಿ ಮೂರು ವರ್ಷ ಆಗುತ್ತಿದೆ. ಇನ್ನು ಮುಂದೆ ತಡ ಮಾಡಿದ ಒಂದೊಂದು ತಿಂಗಳೂ ಹಿಂದಿನ ಒಂದೊಂದು ತಿಂಗಳನ್ನು ನುಂಗುತ್ತದೆ.

ಈಗ ಮುಖ್ಯ ವಿಷಯ. 2013ರ ಧರಮ್‌ವೀರ್ ಸಿಂಗ್ ತೀರ್ಪು ಇಂಥ ಎಲ್ಲ ಕೇಸಿಗೂ ಬೇರು. ಸೇರುವಾಗ ಕಾಯಿಲೆ ಇದೆ ಅಂತ ದಾಖಲೆಯಲ್ಲಿ ಇಲ್ಲದಿದ್ದರೆ, ಆಮೇಲೆ ಬಂದ ಕಾಯಿಲೆ ಸೇವೆಯಿಂದ ಬಂದದ್ದು ಅಂತಲೇ ತಿಳಿಯಬೇಕು. ಅಲ್ಲ ಅನ್ನುವುದಾದರೆ ಮೆಡಿಕಲ್ ಬೋರ್ಡ್ ಕಾರಣ ಬರೆಯಬೇಕು. ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ. 2014ರ ಸುಖವಿಂದರ್ ಸಿಂಗ್ ತೀರ್ಪೂ ಸಂಶಯದ ಲಾಭ ಸೈನಿಕನಿಗೆ ಅಂತ ಹೇಳಿತು.

ಆದರೆ ಇದನ್ನೇ ನಂಬಿ ಕೂರಬೇಡಿ. ನಿಮ್ಮ ಅಣ್ಣನಿಗೆ ಅನ್ವಯಿಸುವುದು 2008ರ ನಿಯಮಗಳು. ಧರಮ್‌ವೀರ್ ತೀರ್ಪು 1982ರ ನಿಯಮಗಳ ಮೇಲೆ ನಿಂತದ್ದು, 2008ರಲ್ಲಿ ಆ ಮಾತು ಹಾಗೇ ಇಲ್ಲ ಅಂತ ಸರ್ಕಾರದ ಕಡೆಯವರು ವಾದ ಹೂಡುತ್ತಾರೆ. 2023ರ ಸೆಪ್ಟೆಂಬರ್ 21ರ ನಂತರ ಬಿಡುಗಡೆ ಆದವರಿಗೆ ಇನ್ನೂ ಹೊಸ ನಿಯಮ ಇದೆ. 2008ರ ನಿಯಮದಲ್ಲೂ ಸಾಮಾನ್ಯವಾಗಿ ಅರ್ಜಿದಾರನನ್ನು ಸಾಬೀತು ಮಾಡು ಅನ್ನುವಂತಿಲ್ಲ. ಬಿಡುಗಡೆ ಆಗಿ 15 ವರ್ಷ ಕಳೆದು, ದಾಖಲೆಗಳು ನಾಶ ಆದ ಮೇಲೆ ಬಂದರೆ ಮಾತ್ರ ಹೊರೆ ಅವನ ಮೇಲೆ. ನೀವು ಆ ಗೆರೆಯಿಂದ ದೂರ ಇದ್ದೀರಿ. ಆದರೂ ಅಪೀಲಿನಲ್ಲಿ ತೀರ್ಪಿನ ಹೆಸರು ಎರಡು ಸಾಲು ಇರಲಿ, ಅಣ್ಣನ ಘಟನೆ ಎರಡು ಪುಟ ಇರಲಿ. ಯಾವ ವರ್ಷ, ಯಾವ ಜಾಗ, ಯಾರು ಜೊತೆಗಿದ್ದರು, ಆಮೇಲೆ ಎಷ್ಟು ತಿಂಗಳಿಗೆ ನಿದ್ದೆ ಕೆಟ್ಟಿತು. ಜೊತೆಗಿದ್ದವರು ಯಾರಾದರೂ ಅಫಿಡವಿಟ್ ಕೊಟ್ಟರೆ ಬಹಳ ಬೆಲೆ.

ಒಂದು ಎಚ್ಚರಿಕೆ. ಹಿಂಬಾಕಿಯಲ್ಲಿ ಇಷ್ಟು ಪಾಲು ಕೊಡಿ, ನಾನು ಮಾಡಿಸಿ ಕೊಡುತ್ತೇನೆ ಅಂತ ಬರುವವರನ್ನು ಬಾಗಿಲಲ್ಲೇ ಕಳಿಸಿ. ಗೆದ್ದ ದುಡ್ಡಿನಲ್ಲಿ ಪಾಲು ಕೇಳುವುದು ವಕೀಲರಿಗೆ ನಿಷಿದ್ಧ. ಖರ್ಚಿಗೆ ಕಷ್ಟ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನ, ನಾಲ್ಸಾದವರು, ಅಂದರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದವರು, ಸೈನಿಕ ಕುಟುಂಬಗಳಿಗಾಗಿಯೇ ವೀರ್ ಪರಿವಾರ್ ಸಹಾಯತಾ ಯೋಜನೆ ಶುರು ಮಾಡಿದ್ದಾರೆ. ಸೈನಿಕ ಕಲ್ಯಾಣ ಕಚೇರಿಗಳ ಜೊತೆ ಸೇರಿ ಕಾನೂನು ನೆರವು ಕೊಡುವುದು ಅದರ ಉದ್ದೇಶ.


ಅಘನಾಶಿನಿ ತಂಗಿ, ಕುಮಟಾ

ವಕೀಲರೇ, ಒಂದು ಗೊಂದಲ. ಊರಿಗೆ ಬಂದ ಮೇಲೆ ತೋರಿಸಿದ ಡಾಕ್ಟರು ಇದು ಡಿಪ್ರೆಶನ್ ಮಾತ್ರ ಅಲ್ಲ, ಪಿ.ಟಿ.ಎಸ್.ಡಿ ಅಂದಿದ್ದಾರೆ. ಆಘಾತದ ನಂತರ ಬರುವುದು. ಅಪೀಲಿನಲ್ಲಿ ಹೊಸ ಹೆಸರು ಬರೆಯಬೇಕಾ?


ಹೊನ್ನಾವರದ ವಕೀಲ

ಹುಷಾರಾಗಿ ಬರೆಯಿರಿ. ಹೆಸರನ್ನೇ ಬದಲಿಸಿ 'ಬೋರ್ಡ್ ತಪ್ಪು ಕಾಯಿಲೆ ಬರೆದಿದೆ' ಅಂತ ಹೊರಟರೆ, ಇದು ಬಿಡುಗಡೆ ಆದ ಮೇಲೆ ಬಂದ ಬೇರೆ ಕಾಯಿಲೆ ಅನ್ನಲು ಅವರಿಗೆ ದಾರಿ ಆಗುತ್ತದೆ. ಬೋರ್ಡ್ ಒಪ್ಪಿದ ಶೇ 40ನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದರ ಮೇಲೆ, 'ಈಗಿನ ಡಾಕ್ಟರ ಪ್ರಕಾರ ಇದೇ ಕಾಯಿಲೆಯ ಬೇರು ಆ ಸ್ಫೋಟದಲ್ಲಿದೆ' ಅಂತ ಜೋಡಿಸಿ. ಅಭಿಪ್ರಾಯ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರದ್ದಾದರೆ ಒಳ್ಳೆಯದು. ಕಾರವಾರದ ಮೆಡಿಕಲ್ ಕಾಲೇಜ್ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಯಾವುದಾದರೂ ಸರಿ.


ಶಿರಸಿ ಸುಬೇದಾರ

ದುಡ್ಡಿನ ಲೆಕ್ಕ ಯಾರೂ ಹೇಳಲಿಲ್ಲ, ಹೇಳುತ್ತೇನೆ. ಶೇ 100 ಇದ್ದರೆ ಡಿಸೆಬಿಲಿಟಿ ಅಂಶ ಕೊನೆಯ ವೇತನದ ಶೇ 30. ಬೇಸಿಕ್ 36,000, ಮಿಲಿಟರಿ ಸರ್ವಿಸ್ ಪೇ 5,200 ಅಂತ ಇಟ್ಟುಕೋ. ಒಟ್ಟು 41,200. ಶೇ 40ಕ್ಕೆ ತಿಂಗಳಿಗೆ 4,944 ಆಗುತ್ತದೆ. ಆದರೆ ಬ್ರಾಡ್ ಬ್ಯಾಂಡಿಂಗ್ ಅಂತ ಇದೆ. ಶೇ 50ಕ್ಕಿಂತ ಕಡಿಮೆ ಇದ್ದರೆ 50 ಅಂತ, 50ರಿಂದ 75ರ ತನಕ 75 ಅಂತ, ಅದಕ್ಕೂ ಮೇಲಿದ್ದರೆ 100 ಅಂತ ಹಿಡಿಯುವುದು. ಆಗ ನಿಮ್ಮ ಅಣ್ಣನದು 6,180. ಅದರ ಮೇಲೆ ಡಿಎ ಬೇರೆ.

ಅರ್ಧದಲ್ಲೇ ಹೊರಗೆ ಕಳಿಸಿದವರಿಗೆ ಮಾತ್ರ ಈ ಏರಿಕೆ ಅನ್ನುತ್ತಿದ್ದರು. ಅವಧಿ ಮುಗಿಸಿ ಬಂದವರಿಗೂ ಕೊಡಬೇಕು ಅಂತ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪೀಲಿನ ಕೊನೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ 40ಕ್ಕೇ ನಿಲ್ಲಿಸುವ ಸಾಧ್ಯತೆ ಇದೆ.


ಕಾರವಾರ ನೌಕಾ

ನೇವಿಯವರು ಇದನ್ನು ಓದುತ್ತಿದ್ದರೆ, ನಮ್ಮ ನಾವಿಕರ ದಾಖಲೆ ಇರುವುದು ಮುಂಬೈಯ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ. ಅರ್ಜಿ ಅಲ್ಲಿಗೆ. ಉಳಿದ ದಾರಿ ಹೆಚ್ಚು ಕಡಿಮೆ ಇದೇ.

ಇನ್ನೊಂದು ಮಾತು ಆ ಅಣ್ಣನಿಗೆ. ಟಾಗೋರ್ ಕಡಲತೀರದ ಯುದ್ಧನೌಕೆ ಮ್ಯೂಸಿಯಂ ಹತ್ತಿರ ಚೆಂಡಿಯಾದ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. 1948ರಲ್ಲಿ ರಜೌರಿ ದಾರಿಯಲ್ಲಿ ಶತ್ರುಗಳ ಗುಂಡಿನ ನಡುವೆ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು. ನೆಲದಲ್ಲಿ ಹೂತಿಟ್ಟದ್ದು ಏನು ಮಾಡುತ್ತದೆ ಅಂತ ತಿಳಿದೇ ಹೆಜ್ಜೆ ಇಟ್ಟವರು. ಅಣ್ಣ, ನೀವೂ ಅಂಥದೇ ರಸ್ತೆಯಲ್ಲಿ ನಡೆದವರು. ನಾನು ಆ ದಾರಿಯಲ್ಲಿ ಹೋದಾಗ ನಿಮ್ಮನ್ನು ನೆನೆಯುತ್ತೇನೆ.


ಯಲ್ಲಾಪುರ ಸಿಸ್ಟರ್

ನಾನು ಸ್ಟಾಫ್ ನರ್ಸ್. ಕಾಗದದ ಮಾತು ನಡೆಯಲಿ, ಅದರ ನಡುವೆ ಔಷಧ ನಿಲ್ಲಬಾರದು. ಗುಣ ಆಗುತ್ತಿದೆ ಅಂತ ಕಂಡರೆ ಪೆನ್ಶನ್ ಸಿಗುವುದಿಲ್ಲ ಅಂತ ಮಾತ್ರೆ ಬಿಡಿಸಿದ ಒಂದು ಮನೆ ನನಗೆ ಗೊತ್ತು. ಹಾಗೆ ಎಂದೂ ಮಾಡಬೇಡಿ. ಕೇಸು ಇರುವುದು ಕಾಯಿಲೆ ಎಲ್ಲಿಂದ ಬಂತು ಅನ್ನುವುದರ ಮೇಲೆ. ತಪ್ಪದೆ ತೋರಿಸಿಕೊಂಡ ಚೀಟಿಗಳು ಕೇಸಿಗೆ ಬಲವೇ ಹೊರತು ಕೊರತೆ ಅಲ್ಲ.

ದೂರದ ಆಸ್ಪತ್ರೆಗೆ ಹೋಗಲು ಮನಸ್ಸಿಲ್ಲದವರಿಗೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ಮೆಡಿಕಲ್ ಕಾಲೇಜಿನಲ್ಲಿ ಅದರದ್ದೇ ಬೇರೆ ಘಟಕ 2023ರ ಡಿಸೆಂಬರ್‌ನಲ್ಲಿ ಶುರು ಆಗಿದೆ. ಇನ್ನು ಬದುಕಿ ಏನು ಮಾಡಲಿ ಅನ್ನುವ ಮಾತು ಬಾಯಿಗೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ಪಕ್ಕದಲ್ಲಿ ಕೂತು, ಆ ಕ್ಷಣವೇ ಫೋನ್ ಮಾಡಿ.

ಆಮೇಲೆ ತಂಗೀ, ನಿಮ್ಮ ಮನೆ ಹಿಂದಿನ ತೆಂಗಿನ ಕಾಯಿಗಳನ್ನು ಬಲಿಯುವ ಮುಂಚೆಯೇ ಕೀಳಿಸಿಬಿಡಿ. ಚಿಕ್ಕ ಕೆಲಸ, ಆದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತದೆ.


ಅಘನಾಶಿನಿ ತಂಗಿ, ಕುಮಟಾ

ಸಿಸ್ಟರ್, ಕಾಯಿ ಕೀಳಿಸಿದೆವು. ದೀಪಾವಳಿಗೆ ಮೂರು ದಿನ ಅಣ್ಣನನ್ನು ಕರೆದುಕೊಂಡು ಸಿದ್ದಾಪುರದ ಕಡೆ ತೋಟದ ಮನೆಗೆ ಹೋಗಿದ್ದೆವು. ಅಲ್ಲಿ ಗರ್ನಾಲಿನ ಸದ್ದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಸಹಿ ಸಿಕ್ಕಿತು. ಅಂಕೋಲಾ ಅಕ್ಕ ಹೇಳಿದ ಕಾಲಿನ ಮಾತು ಹೇಳಲಿಲ್ಲ, ನನಗೆ ಗಂಟಲು ಕಟ್ಟಿತು. "ನಿನ್ನ ಕಾಗದ ನಿನ್ನ ಹತ್ತಿರ ಇರಲಿ" ಅಂದೆ ಅಷ್ಟೇ. ಹಾಕಿದ. ಉತ್ತರ ಬಂದಾಗ ತಿಳಿಸುತ್ತೇನೆ.


ಅಘನಾಶಿನಿ ತಂಗಿ, ಕುಮಟಾ (ಒಂದೂವರೆ ತಿಂಗಳ ನಂತರ)

ಫೈಲು ಬಂತು. ದಪ್ಪ ಕವರು, 61 ಹಾಳೆ.

ಸುಬೇದಾರ್ ಸಾಹೇಬರೇ, ನೀವು ಹೇಳಿದ ಹಾಗೇ ಇದೆ. ಬೋರ್ಡ್ ಕಾಗದದಲ್ಲಿ ಕಾರಣ ಬರೆಯುವ ಜಾಗ ಇದೆ. ಅಲ್ಲಿ ಇರುವುದು ಇಷ್ಟೇ. ಪೀಸ್ ಸ್ಟೇಷನ್‌ನಲ್ಲಿ ಶುರು ಆಗಿದೆ, ಫೀಲ್ಡ್ ಸೇವೆಯ ಒತ್ತಡಕ್ಕೆ ಹತ್ತಿರದ ಸಂಬಂಧ ಇಲ್ಲ. ಸ್ಫೋಟದ ಬಗ್ಗೆ ಒಂದು ಅಕ್ಷರ ಇಲ್ಲ. ಸೇರುವಾಗಿನ ಪರೀಕ್ಷೆಯಲ್ಲಿ ಎಲ್ಲವೂ ಸರಿ ಅಂತ ಇದೆ.

ಪೋಸ್ಟಿಂಗ್ ಪಟ್ಟಿ ಮತ್ತು ಆಸ್ಪತ್ರೆ ಕಾಗದ ಪಕ್ಕಪಕ್ಕ ಇಟ್ಟು ನೋಡಿದೆ. ಕಾಶ್ಮೀರದಿಂದ ಹೊರಟು ಐದು ತಿಂಗಳಿಗೆ ಆಸ್ಪತ್ರೆ ಸೇರಿದ್ದಾನೆ. ಐದೇ ತಿಂಗಳು. ಬೋರ್ಡ್ ಕೂತವರು ಈ ಎರಡು ಹಾಳೆ ಒಟ್ಟಿಗೆ ನೋಡಿದ್ದರೆ ಆ ಸಾಲು ಬರೆಯುತ್ತಿದ್ದರಾ?

10ನೇ ಫಾರಂ ಕೂಡ ಸಿಕ್ಕಿತು. ಕೈಬರಹ. ಅಣ್ಣ ಮುಂಚೆ ನಗುನಗುತ್ತಾ ಇದ್ದ ಜವಾನ, ಕಬಡ್ಡಿ ತಂಡದಲ್ಲಿದ್ದ, ಯಾವ ಶಿಕ್ಷೆಯೂ ಆಗಿಲ್ಲ ಅಂತ ಬರೆದಿದ್ದಾರೆ. ಜೊತೆಗಾರನ ಸಾವನ್ನು ಎದುರಲ್ಲೇ ಕಂಡ ಮೇಲೆ ಯಾರೊಂದಿಗೂ ಸೇರುವುದಿಲ್ಲ, ಊಟದ ಸಾಲಿನಲ್ಲಿ ಕೊನೆಗೆ ನಿಂತು ತಟ್ಟೆ ಹಾಗೇ ಇಟ್ಟು ಹೋಗುತ್ತಾನೆ ಅಂತಲೂ ಇದೆ.

ಆ ಹಾಳೆಯನ್ನು ಅಣ್ಣನಿಗೆ ಕೊಟ್ಟೆ. ಅಡುಗೆ ಮನೆ ಬಾಗಿಲಲ್ಲಿ ನಿಂತೇ ಓದಿದ. ಬಹಳ ಹೊತ್ತು. ಆಯಿ ಒಲೆ ಆರಿಸಿ ಸುಮ್ಮನೆ ನೋಡುತ್ತಿದ್ದಳು. "ಸಾಹೇಬರು ತಟ್ಟೆ ನೋಡಿದ್ದರಾ" ಅಂದ. ಅಷ್ಟೇ ಮಾತು. ಆಮೇಲೆ ಕೂತು, ಮೊದಲ ಸಲ, ಆ ದಿನದ ವಿಷಯ ಹೇಳಿದ. ನಾನು ಬರೆದುಕೊಂಡೆ. ಎರಡು ಪುಟ ಅಂದಿದ್ದರು ವಕೀಲರು, ಐದು ಆಯಿತು.


ಹೊನ್ನಾವರದ ವಕೀಲ

ಐದೂ ಇರಲಿ, ಒಂದು ಸಾಲೂ ತೆಗೆಯಬೇಡಿ. ಪೀಸ್ ಸ್ಟೇಷನ್‌ನಲ್ಲಿ ಶುರು ಆಯಿತು ಅನ್ನುವುದು ಯಾವಾಗ ಕಾಣಿಸಿತು ಅಂತ ಹೇಳುತ್ತದೆ. ಯಾಕೆ ಬಂತು ಅಂತ ಹೇಳುವುದಿಲ್ಲ. ಅಪೀಲಿನಲ್ಲಿ ಈ ಮಾತು ಮೊದಲ ಪುಟದಲ್ಲೇ ಬರಲಿ. ಅದರ ಕೆಳಗೆ ಆ ಎರಡು ತಾರೀಕು, ಅದರ ಕೆಳಗೆ 10ನೇ ಫಾರಂನ ಸಾಲು ಅದೇ ಶಬ್ದಗಳಲ್ಲಿ.


ಶಿರಸಿ ಸುಬೇದಾರ

ಮೂಲ ಕಾಗದ ಯಾವುದನ್ನೂ ಕಳಿಸಬೇಡ, ಪ್ರತಿ ಮಾತ್ರ. ಪ್ರತಿ ಹಾಳೆಗೂ ನಂಬರ್ ಹಾಕು, ಕೆಳಗೆ ಅಣ್ಣನ ಸಹಿ. ಕಳಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದು, ಅಲ್ಲಿಂದ ಆರು ತಿಂಗಳು ಎಣಿಸಿ ಇನ್ನೊಂದು ಗುರುತು ಹಾಕು.


ಅಘನಾಶಿನಿ ತಂಗಿ, ಕುಮಟಾ

ಇವತ್ತು ಕಳಿಸಿದೆವು. ಕುಮಟಾ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್. ನಾನೊಬ್ಬಳೇ ಹೋಗುವವಳಿದ್ದೆ. ಅಣ್ಣ ಶರ್ಟ್ ಹಾಕಿಕೊಂಡು ಬೈಕ್ ಹತ್ತಿರ ನಿಂತಿದ್ದ. ಕೌಂಟರ್‌ನಲ್ಲಿ ಕವರನ್ನು ಅವನೇ ಕೊಟ್ಟ. ರಸೀದಿ ನನ್ನ ಕೈಗೆ ಬಂದಾಗ "ತಾ" ಅಂತ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಎರಡೂ ಗುರುತು ಹಾಕಿದ್ದೇನೆ. ಜೂನ್ ತಿಂಗಳ ಗುರುತು ಬರುವ ಹೊತ್ತಿಗೆ ಉತ್ತರ ಬಂದರೂ ಬರದಿದ್ದರೂ ಇಲ್ಲಿ ಬರೆಯುತ್ತೇನೆ.